ಎಷ್ಟು ಜನ ಓದಿದರು? ವಿಕಿಪೀಡಿಯ ಆ ಅಂಕಿಯನ್ನು ಇಟ್ಟ ಜಾಗ

ಕರ್ನಾಟಕ ಸರ್ಕಾರದ ಇಲಾಖೆಗಳ ಜಾಲತಾಣಗಳಲ್ಲಿ ಪುಟದ ತಳಕ್ಕೆ ಇಳಿದರೆ ಅನೇಕ ಕಡೆ ಒಂದು ಅಂಕಿ ಸಿಗುತ್ತದೆ: ಇದುವರೆಗೆ ಭೇಟಿ ನೀಡಿದವರು ಇಷ್ಟು ಲಕ್ಷ. ಕನ್ನಡದಲ್ಲಿ ಬ್ಲಾಗುಗಳ ಭರಾಟೆ ಇದ್ದಾಗ ಅವುಗಳ ಅಂಚಿನಲ್ಲೂ ಇಂಥ ಮೀಟರು ಓಡುತ್ತಿತ್ತು. ಹತ್ತು ಸಾವಿರ ದಾಟಿದ ಖುಷಿಗೆ ಒಂದು ಬರಹ ಹಾಕುವವರೂ ಇದ್ದರು. ಬ್ಲಾಗುಗಳು ಮಂಕಾದವು, ಮೀಟರು ಇಲಾಖೆಗಳಲ್ಲಿ ಉಳಿದುಕೊಂಡಿತು. ತಿಂಗಳಿಗೆ ಸಾವಿರ ಕೋಟಿಗೂ ಹೆಚ್ಚು ವೀಕ್ಷಣೆ ಪಡೆಯುವ ವಿಕಿಪೀಡಿಯದ ಲೇಖನಗಳಲ್ಲಿ ಮಾತ್ರ ಅಂಥ ಸಾಲು ಕಾಣುವುದಿಲ್ಲ. ಒಂದು ಕಾಲಕ್ಕೆ ಇತ್ತು, ತೆಗೆದರು. ತೆಗೆದ ಮೇಲೆ ಅದು ಬೇರೆ ಬೇರೆ ಬಾಗಿಲಿನಿಂದ ಮರಳಿ ಬಂತು. ಬಂದವರಿಗೆಲ್ಲ ಅಂಕಿ ತೋರಿಸಬೇಕೇ ಬೇಡವೇ ಎಂದು ತಲೆ ಕೆಡಿಸಿಕೊಂಡಿರುವ ಯಾವ ಆನ್‌ಲೈನ್ ಸಮುದಾಯಕ್ಕಾದರೂ ಇದಕ್ಕಿಂತ ಉದ್ದದ ಅನುಭವ ಇನ್ನೊಂದು ಸಿಗಲಿಕ್ಕಿಲ್ಲ.

ಸರ್ವರಿನ ಕಷ್ಟಕ್ಕೆ ಹೋದದ್ದು

2001ರ ಜನವರಿ 15ರಂದು ಶುರುವಾದಾಗ ವಿಕಿಪೀಡಿಯ ನಡೆಯುತ್ತಿದ್ದದ್ದು ಯೂಸ್‌ಮಾಡ್‌ವಿಕಿ ಎಂಬ ಚಿಕ್ಕ ತಂತ್ರಾಂಶದ ಮೇಲೆ. ಮರುವರ್ಷ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ, ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸುವ ಹೊಸ ತಂತ್ರಾಂಶ ಬಂತು. ವಿಕಿಪೀಡಿಯ ಇಂದು ನಡೆಯುತ್ತಿರುವ ಮೀಡಿಯಾವಿಕಿ ತಂತ್ರಾಂಶ ಬೆಳೆದದ್ದು ಅದರಿಂದಲೇ. ಅದರಲ್ಲಿ ಪ್ರತಿ ಲೇಖನದ ದಾಖಲೆಯೊಂದಿಗೆ ಒಂದು ಕೌಂಟರ್ ಇತ್ತು. ಯಾರಾದರೂ ಪುಟ ತೆರೆದರೆ ಅದಕ್ಕೆ ಒಂದು ಕೂಡುತ್ತಿತ್ತು, ಪುಟದ ಅಡಿಯಲ್ಲಿ ಇದನ್ನು ಇಷ್ಟು ಬಾರಿ ನೋಡಲಾಗಿದೆ ಎಂಬ ಸಾಲು ಬರುತ್ತಿತ್ತು. ಅತಿ ಹೆಚ್ಚು ನೋಡಿದ ಪುಟಗಳ ಪಟ್ಟಿಯೊಂದು ಬೇರೆ.

ಕೇಳಲಿಕ್ಕೆ ಸರಳ. ಆದರೆ ಓದುವ ಕೆಲಸವೆಲ್ಲ ಬರೆಯುವ ಕೆಲಸವಾಗಿ ಕೂತಿತು. ಓದುಗ ಸುಮ್ಮನೆ ಕಣ್ಣಾಡಿಸಿ ಹೋದರೂ ಡೇಟಾಬೇಸ್ ಒಂದು ಸಾಲನ್ನು ತಿದ್ದಬೇಕು. ಅದೇ ಹೊತ್ತಿಗೆ ಲೇಖನವನ್ನು ನಿಜವಾಗಿ ತಿದ್ದಲು ಬಂದ ಸಂಪಾದಕ ಸರದಿಯಲ್ಲಿ ಕಾಯಬೇಕು. ಓದುಗರು ಸಂಪಾದಕರಿಗಿಂತ ಎಷ್ಟೋ ಪಟ್ಟು ಹೆಚ್ಚಿರುವ ತಾಣಕ್ಕೆ ಇದು ತಾಳುವ ವ್ಯವಸ್ಥೆಯಲ್ಲ. ಆಮೇಲೆ ಸ್ಕ್ವಿಡ್ ಎಂಬ ಕ್ಯಾಶ್ ಸರ್ವರುಗಳು ಬಂದವು. ಒಮ್ಮೆ ಸಿದ್ಧವಾದ ಪುಟದ ಪ್ರತಿಯನ್ನು ಅವು ಮುಂದಿನವರಿಗೂ ಕೊಟ್ಟುಬಿಡುತ್ತವೆ, ಕೋರಿಕೆ ಒಳಗಿನ ತಂತ್ರಾಂಶದವರೆಗೆ ಹೋಗುವುದೇ ಇಲ್ಲ. ಹಾಗಾದರೆ ಕೌಂಟರ್ ಎಣಿಸುವುದು ಯಾರನ್ನು? ಕ್ಯಾಶ್‌ನಲ್ಲಿ ಪ್ರತಿ ಸಿಗದೆ ಒಳಗೆ ಬಂದ ಕೆಲವರನ್ನು ಮಾತ್ರ. ಹೆಚ್ಚು ಜನಪ್ರಿಯ ಪುಟಕ್ಕೇ ಹೆಚ್ಚು ಸುಳ್ಳು ಲೆಕ್ಕ. ವಿಕಿಪೀಡಿಯದಲ್ಲಿ ಕೌಂಟರನ್ನು ನಿಲ್ಲಿಸಿದರು. ಅದೇ ತಂತ್ರಾಂಶ ಬಳಸುವ ಬೇರೆ ಸಣ್ಣ ವಿಕಿ ತಾಣಗಳಿಗೆಂದು ಮೀಡಿಯಾವಿಕಿ ಅದನ್ನು ಬಹಳ ವರ್ಷ ಉಳಿಸಿಕೊಂಡಿತ್ತು. 2015ರ 1.25ನೇ ಆವೃತ್ತಿಯಲ್ಲಿ ಅಲ್ಲಿಂದಲೂ ಕಿತ್ತು, ಬೇಕಾದವರು ಹಾಕಿಕೊಳ್ಳುವ ವಿಸ್ತರಣೆಯನ್ನಾಗಿ ಮಾಡಿದರು.

ಈ ಪ್ರಕರಣದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಇದೇ. ಅಂಕಿಯನ್ನು ತೆಗೆದದ್ದಕ್ಕೆ ತತ್ವವೇನೂ ಕಾರಣವಲ್ಲ, ಯಂತ್ರಕ್ಕೆ ಭಾರವಾಯಿತೆಂದು ತೆಗೆದರು. ಓದುಗರ ಮನಸ್ಸು, ಬರೆಯುವವರ ಹುಮ್ಮಸ್ಸು, ಖಾಸಗಿತನ ಇವೆಲ್ಲ ಚರ್ಚೆಗೆ ಬಂದದ್ದು ಆಮೇಲೆ, ಅಂಕಿ ಇಲ್ಲದೆ ಬದುಕುವುದು ರೂಢಿಯಾದ ಮೇಲೆ.

ಪಕ್ಕದ ಬಾಗಿಲಿನಿಂದ

ಅಂಕಿ ಬೇಕೆನ್ನುವವರು ಸುಮ್ಮನಿರಲಿಲ್ಲ. ಲಿಥುವೇನಿಯದ ಡೇಟಾಬೇಸ್ ತಜ್ಞ ದೋಮಸ್ ಮಿತುಜಾಸ್ ಕ್ಯಾಶ್ ಸರ್ವರುಗಳ ದಾಖಲೆಯಿಂದಲೇ ಲೆಕ್ಕ ತೆಗೆಯುವ ದಾರಿ ಮಾಡಿದರು. 2007ರ ಡಿಸೆಂಬರಿನಿಂದ ಗಂಟೆಗೊಂದು ಕಡತ ಸಾರ್ವಜನಿಕವಾಗಿ ಸಿಗತೊಡಗಿತು: ಭಾಷೆಯ ಸಂಕೇತ, ಪುಟದ ಹೆಸರು, ಆ ಗಂಟೆಯಲ್ಲಿ ಎಷ್ಟು ಬಾರಿ ಕೇಳಿದರು, ಎಷ್ಟು ಬೈಟ್ ಹೋಯಿತು. ಅಷ್ಟೇ. ಯಾರು ಕೇಳಿದರು ಎಂಬುದಿಲ್ಲ. ಕನ್ನಡದ ಸಾಲುಗಳನ್ನು ಕಣ್ಣಿನಿಂದ ಓದುವುದು ಅಸಾಧ್ಯವಾಗಿತ್ತು. ವೆಬ್ ವಿಳಾಸದ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತವೂ ಒಂಬತ್ತು ಚಿಹ್ನೆಯಾಗುತ್ತದೆ; ವ್ಯಂಜನ, ಅದರ ಕೊಂಬು, ಸೊನ್ನೆ ಇವೆಲ್ಲ ಬೇರೆ ಬೇರೆ ಸಂಕೇತಗಳು. ಕುವೆಂಪು ಎಂಬ ಮೂರಕ್ಷರ 63 ಚಿಹ್ನೆಗಳ ಉದ್ದಕ್ಕೆ ಹರಡಿಕೊಳ್ಳುತ್ತದೆ. ಇದನ್ನೆಲ್ಲ ಗ್ರಾಫಿನಲ್ಲಿ ತೋರಿಸುವ ತಾಣವೊಂದನ್ನು ಸ್ವಯಂಸೇವಕರೊಬ್ಬರು ಕಟ್ಟಿದರು, ಅದೇ ಬಹಳ ವರ್ಷ ಎಲ್ಲರ ಆಧಾರವಾಗಿತ್ತು.

ಆ ಲೆಕ್ಕದಲ್ಲಿ ದೊಡ್ಡದೊಂದು ತೂತಿತ್ತು. ಮೊಬೈಲ್ ಆವೃತ್ತಿಗೆ ಬಂದವರು ಅದರಲ್ಲಿ ಸೇರಿರಲೇ ಇಲ್ಲ. ಅವರನ್ನೂ ಸೇರಿಸಿದ ಕಡತಗಳು ಬಂದದ್ದು 2014ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲೇ ನಮ್ಮಲ್ಲಿ ಎಷ್ಟೋ ಮಂದಿ ಇಂಟರ್ನೆಟ್ಟಿನ ಮುಖ ನೋಡಿದ್ದು ಫೋನಿನಲ್ಲಿ. ಜೊತೆಗೆ ಪುಟಗಳನ್ನು ಜಾಲಾಡಲು ಹುಡುಕಾಟ ಯಂತ್ರಗಳು ಕಳಿಸುವ ಬಾಟ್ ಎಂಬ ಪ್ರೋಗ್ರಾಂಗಳೂ ಓದುಗರೆಂದೇ ಲೆಕ್ಕಕ್ಕೆ ಬರುತ್ತಿದ್ದವು. ಯಾರೂ ಹೆಚ್ಚು ಓದದ ಸಣ್ಣ ಭಾಷೆಯ ಪುಟಗಳಲ್ಲಿ ಬಾಟ್‌ಗಳ ಪಾಲೇ ಎದ್ದು ಕಾಣುವುದು ಸಹಜ. ಹೀಗೆ ಕನ್ನಡದಂಥ ಭಾಷೆಯ ಅಂಕಿ ಎರಡೂ ಕಡೆಯಿಂದ ಕೆಟ್ಟಿತ್ತು: ಇದ್ದ ಮನುಷ್ಯರು ಬಿಟ್ಟುಹೋದರು, ಇಲ್ಲದವರು ಸೇರಿಕೊಂಡರು. ಅಂಥ ಅಂಕಿಯನ್ನು ಪ್ರತಿ ಪುಟದ ಅಡಿಯಲ್ಲಿ ಅಚ್ಚು ಹಾಕಿದ್ದರೆ, ಇಷ್ಟೇನಾ ನಮ್ಮ ಓದುಗರು ಎಂದು ಕೈಚೆಲ್ಲುವವರೂ, ಆಹಾ ಇಷ್ಟೊಂದೇ ಎಂದು ಹಿಗ್ಗುವವರೂ ಇಬ್ಬರೂ ತಪ್ಪುತ್ತಿದ್ದರು.

2015ರಲ್ಲಿ ವಿಕಿಪೀಡಿಯವನ್ನು ನಡೆಸುವ ಸಂಸ್ಥೆ ವಿಕಿಮೀಡಿಯ ಫೌಂಡೇಶನ್ ಪುಟವೀಕ್ಷಣೆ ಎಂದರೇನು ಎಂಬುದನ್ನೇ ಹೊಸದಾಗಿ ನಿರ್ಧರಿಸಿ, ಬಾಟ್‌ಗಳನ್ನು ಬೇರೆ ಮಾಡಿ, ಆ ವರ್ಷದ ಕೊನೆಗೆ ಎಲ್ಲರೂ ಬಳಸಬಹುದಾದ ಎಪಿಐ, ಅಂದರೆ ಬೇರೆ ತಂತ್ರಾಂಶಗಳು ನೇರವಾಗಿ ಅಂಕಿ ಕೇಳಿ ಪಡೆಯುವ ದಾರಿ, ಕೊಟ್ಟಿತು. ಇಂದು ಲೇಖನದ ಇತಿಹಾಸ ಪುಟದಿಂದಲೋ, ಪುಟದ ಮಾಹಿತಿ ಎಂಬ ಕೊಂಡಿಯಿಂದಲೋ ಕಳೆದ 30 ದಿನಗಳ ವೀಕ್ಷಣೆಯನ್ನು ಯಾರು ಬೇಕಾದರೂ ನೋಡಬಹುದು. ಲೇಖನದ ಮುಖದಲ್ಲಿ ಮಾತ್ರ ಇಲ್ಲ.

ಎಣಿಸಿದ್ದು ಏನನ್ನು

ಒಂದು ಹೂವಿನ ಕತೆ ಹೇಳಬೇಕು. 2021ರ ಫೆಬ್ರುವರಿಯಲ್ಲಿ ವಿಕಿಮೀಡಿಯದ ತಂತ್ರಜ್ಞರು ಗಮನಿಸಿದ್ದು ಇದು: ಅವರ ಚಿತ್ರಭಂಡಾರವಾದ ಕಾಮನ್ಸ್‌ನಲ್ಲಿದ್ದ ನೇರಳೆ ಬಣ್ಣದ ಆಸ್ಟರ್ ಹೂವಿನ ಒಂದು ಚಿತ್ರವನ್ನು ದಿನಕ್ಕೆ ಸುಮಾರು 9 ಕೋಟಿ ಬಾರಿ ಯಾರೋ ಕೇಳುತ್ತಿದ್ದಾರೆ. ಅವರ ಒಂದು ಡೇಟಾ ಸೆಂಟರಿಗೆ ಬರುವ ಮಾಧ್ಯಮ ಕಡತಗಳ ಕೋರಿಕೆಯಲ್ಲಿ ಐದರಲ್ಲೊಂದು ಪಾಲು ಈ ಹೂವಿನದೇ. ಕೋರಿಕೆಗಳು ಭಾರತದವು. ಹಿಂದಕ್ಕೆ ಹೋಗಿ ನೋಡಿದರೆ ಏರಿಕೆ ಶುರುವಾದದ್ದು 2020ರ ಜೂನ್ ಹೊತ್ತಿಗೆ. ಆ ತಿಂಗಳ ಕೊನೆಯಲ್ಲೇ ಟಿಕ್‌ಟಾಕ್ ನಿಷೇಧವಾಗಿ ಅದರ ಬದಲಿಗೆ ಆ್ಯಪ್‌ಗಳು ಸಾಲುಗಟ್ಟಿ ಬಂದಿದ್ದವು. ಕೊನೆಗೆ ಪತ್ತೆಯಾದದ್ದು: ಒಂದು ಮೊಬೈಲ್ ಆ್ಯಪ್ ತೆರೆದಾಗಲೆಲ್ಲ ಆ ಚಿತ್ರವನ್ನು ತರಿಸಿಕೊಳ್ಳುತ್ತಿತ್ತು, ಬಳಸುವವರಿಗೆ ತೋರಿಸುತ್ತಲೂ ಇರಲಿಲ್ಲ. ಆ ಚಿತ್ರದ ಕೆಳಗೊಂದು ಮೀಟರು ಇದ್ದಿದ್ದರೆ ಭಾರತೀಯರಿಗೆ ಅತ್ಯಂತ ಪ್ರಿಯವಾದ ಹೂವು ಆಸ್ಟರ್ ಎಂದು ಯಾರಾದರೂ ಬರೆದೇಬಿಡುತ್ತಿದ್ದರು.

2022ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಕ್ಲಿಯೋಪಾತ್ರಳ ಲೇಖನ ವರ್ಷವಿಡೀ ಮೇಲಿನ ಸಾಲಿನಲ್ಲಿತ್ತು. ಫೋನಿನಲ್ಲಿ ಮಾತಿಗೆ ಉತ್ತರಿಸುವ ಗೂಗಲ್ ಅಸಿಸ್ಟೆಂಟ್ ತನ್ನ ಬಳಕೆಯ ಉದಾಹರಣೆಯಾಗಿ ಅವಳ ಹೆಸರನ್ನು ಸೂಚಿಸುತ್ತಿದ್ದದ್ದೇ ಅದಕ್ಕೆ ಕಾರಣವೆಂದು ಸಂಪಾದಕರು ಗುರುತಿಸಿ, ವರ್ಷದ ಪಟ್ಟಿಯಿಂದ ಅದನ್ನು ಕೈಬಿಟ್ಟರು. ಅಂದರೆ ಹಸಿ ಅಂಕಿಯನ್ನು ಹಾಗೆಯೇ ಪ್ರಕಟಿಸದೆ, ಅದರ ಹಿಂದೆ ಏನಿದೆ ಎಂದು ವಿಚಾರಿಸುವ ಮನುಷ್ಯರು ನಡುವೆ ಇದ್ದರು. ಪುಟದಡಿಯ ಮೀಟರಿಗೆ ಅಂಥ ವಿಚಾರಿಸುವವರು ಇರುವುದಿಲ್ಲ.

ಅಂಕಿ ಚುಕ್ಕಾಣಿ ಹಿಡಿದಾಗ

ಕನ್ನಡದವರಿಗೆ ಈ ಪ್ರಕರಣ ನೇರವಾಗಿ ತಟ್ಟುವುದು ಇಲ್ಲಿ. ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಶುರುವಾಯಿತು. ಕೆಲವು ವರ್ಷಗಳ ನಂತರ ಗೂಗಲ್ ಒಂದು ಅನುವಾದ ಯೋಜನೆ ಕೈಗೆತ್ತಿಕೊಂಡಿತು. 2010ರ ಜುಲೈನಲ್ಲಿ ಕಂಪನಿಯೇ ವಿವರಿಸಿದ ಪ್ರಕಾರ, ಭಾರತದಲ್ಲಿ ಹೆಚ್ಚು ಓದಿಸಿಕೊಳ್ಳುವ ಇಂಗ್ಲಿಷ್ ವಿಕಿಪೀಡಿಯ ಲೇಖನಗಳನ್ನು ತನ್ನ ಹುಡುಕಾಟದ ಅಂಕಿಗಳಿಂದ ಆರಿಸಿ, ಹಿಂದಿಯಿಂದ ಆರಂಭಿಸಿ ಕನ್ನಡ, ತಮಿಳು, ತೆಲುಗು, ಗುಜರಾತಿ, ಅರಬ್ಬಿ, ಸ್ವಾಹಿಲಿಗಳಿಗೆ ಅನುವಾದ ಮಾಡಿಸಿತು. ಎಲ್ಲ ಸೇರಿ 1.6 ಕೋಟಿ ಪದ.

ವಿಷಯ ಆರಿಸಿದ್ದು ಅಂಕಿ, ಕನ್ನಡದಲ್ಲಿ ಬರೆಯುವ ಸಮುದಾಯವಲ್ಲ. ಇಂಗ್ಲಿಷಿನಲ್ಲಿ ಭಾರತೀಯರು ಏನನ್ನು ಹುಡುಕುತ್ತಾರೋ ಅದೇ ಕನ್ನಡದಲ್ಲಿಯೂ ಬೇಕು ಎಂಬ ಊಹೆ ಅದರೊಳಗಿತ್ತು. ಯಕ್ಷಗಾನದ ಒಬ್ಬ ಭಾಗವತರ ಬಗ್ಗೆಯೋ, ಬಯಲುಸೀಮೆಯ ಕೆರೆಯೊಂದರ ಬಗ್ಗೆಯೋ ಇಂಗ್ಲಿಷಿನಲ್ಲಿ ಯಾರೂ ಹುಡುಕದಿದ್ದರೆ ಅಂಥ ಪುಟ ಆ ಪಟ್ಟಿಗೆ ಬರುವ ದಾರಿಯೇ ಇಲ್ಲ. ಬಂದ ಲೇಖನಗಳು ಉದ್ದುದ್ದ, ಕನ್ನಡ ಮಾತ್ರ ಇಂಗ್ಲಿಷಿನ ಹಿಂದೆ ಓಡಿಬಂದು ಏದುಸಿರು ಬಿಡುವಂಥದ್ದು; ಅವುಗಳನ್ನು ತಿದ್ದುವ ಕೆಲಸ ಸ್ವಯಂಸೇವಕರ ತಲೆಗೆ ಬಂತು. ಬಂಗಾಳಿ ವಿಕಿಪೀಡಿಯದವರು ಇಂಥ ಲೇಖನಗಳು ಬೇಡವೆಂದು ಗಟ್ಟಿಯಾಗಿ ಹೇಳಿದರು. ತಮಿಳರು ಷರತ್ತು ಹಾಕಿ ಒಳಗೆ ಬಿಟ್ಟುಕೊಂಡರು. ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ಹೇಳುವಷ್ಟು ಜನ ಆಗ ಇರಲಿಲ್ಲ ಎಂದೇ ನನ್ನ ಲೆಕ್ಕ.

ಎಣಿಕೆ ಕಣ್ಣಿಗೆ ಹೊಡೆಯುವಂತಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ವಿಕಿಪೀಡಿಯದ ಹೆಬ್ಬಾಗಿಲಿನಲ್ಲೇ, ಅಂದರೆ ಎಲ್ಲ ಭಾಷೆಗಳಿಗೂ ಕೊಂಡಿ ಕೊಡುವ wikipedia.org ಪುಟದಲ್ಲೇ ಇದೆ. ಅಲ್ಲಿ ಭಾಷೆಗಳನ್ನು ಗುಂಪು ಮಾಡಿರುವುದು ಲೇಖನಗಳ ಸಂಖ್ಯೆಯ ಮೇಲೆ: ಹತ್ತು ಲಕ್ಷ ದಾಟಿದವು, ಲಕ್ಷ ದಾಟಿದವು, ಹತ್ತು ಸಾವಿರ ದಾಟಿದವು. ತಮಿಳು ಲಕ್ಷದ ಗುಂಪಿನಲ್ಲಿದೆ, ಕನ್ನಡ ಹತ್ತು ಸಾವಿರದ್ದರಲ್ಲಿ. 2011ರ ಜನಗಣತಿಯಂತೆ 4.37 ಕೋಟಿ ಜನರ ತಾಯ್ನುಡಿ ಕನ್ನಡ. ಫಿಲಿಪ್ಪೀನ್ಸಿನ ಸೆಬುವಾನೊ ಮಾತಾಡುವವರು ಅದರ ಅರ್ಧದಷ್ಟೂ ಇಲ್ಲವೇನೋ. ಆದರೂ ಆ ವಿಕಿಪೀಡಿಯ 60 ಲಕ್ಷಕ್ಕೂ ಹೆಚ್ಚು ಲೇಖನಗಳೊಂದಿಗೆ ಇಂಗ್ಲಿಷಿನ ಬೆನ್ನಿಗೇ ನಿಂತಿದೆ. ಅದರ ಬಹುಪಾಲನ್ನು ಬರೆದದ್ದು ಸ್ವೀಡನ್ನಿನ ಸ್ವೆರ್ಕೆರ್ ಯೋಹಾನ್ಸನ್ ನಡೆಸಿದ ಎಲ್‌ಎಸ್‌ಜೆಬಾಟ್ ಎಂಬ ಪ್ರೋಗ್ರಾಂ. ಊರು, ಗುಡ್ಡ, ಕೀಟಗಳ ಮೇಲೆ ಎರಡು ಮೂರು ಸಾಲಿನ ಚುಟುಕುಗಳು. ಹೆಬ್ಬಾಗಿಲಿನ ಭೂಗೋಳದ ಸುತ್ತ ಕಾಣುವ ಹತ್ತು ಭಾಷೆಗಳನ್ನು ಮಾತ್ರ ಈಗ ಲೇಖನದ ಸಂಖ್ಯೆಯಿಂದ ಆರಿಸುವುದಿಲ್ಲ, ವೀಕ್ಷಣೆಯಿಂದ ಆರಿಸುತ್ತಾರೆ. ಒಂದು ಅಂಕಿಯ ಆಟ ಮಿತಿಮೀರಿದಾಗ ಇನ್ನೊಂದು ಅಂಕಿಗೆ ಹೊರಳಿದರು ಎನ್ನಿ. ಅಲ್ಲಿ ಅದು ಸರಿಯಾದ ನಿರ್ಧಾರವೇ, ಏಕೆಂದರೆ ಹೆಬ್ಬಾಗಿಲಿನಲ್ಲಿ ಕೇಳಬೇಕಾದ ಪ್ರಶ್ನೆ ಬಂದವರಿಗೆ ಯಾವ ಭಾಷೆ ಬೇಕಾಗಬಹುದು ಎಂಬುದು.

ಸಣ್ಣ ಅಂಕಿಯ ಅಪಾಯ

ದೊಡ್ಡ ಅಂಕಿ ಮೆರೆಸುತ್ತದೆ, ಸಣ್ಣ ಅಂಕಿ ಕುಗ್ಗಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಸಣ್ಣ ಅಂಕಿ ಗುಟ್ಟನ್ನೂ ಬಿಟ್ಟುಕೊಡುತ್ತದೆ ಎಂಬುದು ಅಷ್ಟಾಗಿ ಹೊಳೆಯುವುದಿಲ್ಲ.

ವಿಕಿಪೀಡಿಯದಲ್ಲಿ ಪ್ರತಿ ಲೇಖನದ ಮೇಲೆ ಕಣ್ಣಿಟ್ಟಿರುವ ಸಂಪಾದಕರ ಸಂಖ್ಯೆಯೂ ಲೆಕ್ಕದಲ್ಲಿರುತ್ತದೆ. ಇಂಗ್ಲಿಷ್ ವಿಕಿಪೀಡಿಯ ಅದನ್ನು ತೋರಿಸುತ್ತದೆ, ಆದರೆ 30ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯರಿಗೆ 30ಕ್ಕಿಂತ ಕಡಿಮೆ ಎಂದಷ್ಟೇ ಹೇಳುತ್ತದೆ. ಯಾರೂ ಕಾವಲಿಲ್ಲದ ಪುಟಗಳ ಪಟ್ಟಿ ನಿರ್ವಾಹಕರಿಗೆ ಮಾತ್ರ. ಕಾರಣ ಸ್ಪಷ್ಟ: ಕಾವಲಿಲ್ಲದ ಪುಟ ಯಾವುದೆಂದು ತಿಳಿದರೆ ಸುಳ್ಳು ತುರುಕಲು ಬರುವವನಿಗೆ ಅದೇ ದಾರಿದೀಪ. ಒಂದೇ ಅಂಕಿ, ಒಂದು ಮಟ್ಟದ ಮೇಲೆ ಬಹಿರಂಗ, ಕೆಳಗೆ ಗುಪ್ತ. ಬೇರೆ ಸಮುದಾಯಗಳು ಇದನ್ನು ಹಾಗೆಯೇ ಎತ್ತಿಕೊಳ್ಳಬಹುದು.

ಯಾವ ದೇಶದಿಂದ ಎಷ್ಟು ಜನ ಯಾವ ಲೇಖನ ಓದಿದರು ಎಂಬುದು ಇನ್ನೂ ಸೂಕ್ಷ್ಮ. ಇಂಗ್ಲಿಷಿನಲ್ಲಾದರೆ ಒಬ್ಬ ಓದುಗ ಗುಂಪಿನಲ್ಲಿ ಕರಗಿಹೋಗುತ್ತಾನೆ. ಕನ್ನಡದ ಅಥವಾ 2016ರ ಆಗಸ್ಟ್‌ನಲ್ಲಿ ಸ್ವತಂತ್ರವಾಗಿ ಶುರುವಾದ ತುಳು ವಿಕಿಪೀಡಿಯದ ಲೇಖನವೊಂದನ್ನು ಒಂದು ಸಣ್ಣ ದೇಶದಿಂದ ಒಂದು ದಿನ ಮೂರು ಬಾರಿ ತೆರೆದಿದ್ದರೆ, ಅಲ್ಲಿರುವ ಕನ್ನಡಿಗರೋ ತುಳುವರೋ ಯಾರಿರಬಹುದೆಂದು ಊಹಿಸುವುದು ಕಷ್ಟವಲ್ಲ. ಲೇಖನ ಕಾಯಿಲೆಯ ಬಗ್ಗೆಯೋ, ಅಲ್ಲಿನ ಸರ್ಕಾರ ಸಹಿಸದ ವಿಷಯದ ಬಗ್ಗೆಯೋ ಆಗಿದ್ದರೆ? ಅದಕ್ಕೇ ದೇಶವಾರು ಅಂಕಿಗಳನ್ನು ಬಹುಕಾಲ ಕೊಡಲಿಲ್ಲ. 2023ರಲ್ಲಿ ಕೊಟ್ಟಾಗ ಡಿಫರೆನ್ಷಿಯಲ್ ಪ್ರೈವಸಿ ಎಂಬ ಗಣಿತ ವಿಧಾನದಲ್ಲಿ ಅಂಕಿಗಳನ್ನು ಬೇಕೆಂದೇ ಚೂರು ಅತ್ತಿತ್ತ ಏರುಪೇರು ಮಾಡಿ, ತೀರಾ ಸಣ್ಣವನ್ನು ಕಳಚಿ ಕೊಟ್ಟರು. ಎಷ್ಟು ಸಾಧನಗಳಿಂದ ಓದುಗರು ಬರುತ್ತಾರೆ ಎಂಬ ಲೆಕ್ಕವೂ ಹೀಗೆಯೇ ಜಾಗರೂಕ: ಸಾಧನಕ್ಕೆ ಗುರುತಿನ ಸಂಖ್ಯೆ ಕೊಡದೆ, ಕೊನೆಯ ಬಾರಿ ಬಂದ ದಿನಾಂಕವನ್ನಷ್ಟೇ ಕುಕಿಯಲ್ಲಿ, ಅಂದರೆ ಓದುಗರ ಬ್ರೌಸರಿನಲ್ಲೇ ಉಳಿಯುವ ಸಣ್ಣ ಟಿಪ್ಪಣಿಯಲ್ಲಿ, ಬರೆಯುತ್ತಾರೆ. ಈ ತಿಂಗಳು ಮೊದಲ ಸಲ ಬಂದದ್ದೇ ಎಂದು ತಿಳಿಯಲು ಅಷ್ಟು ಸಾಕು.

ಓದುಗರು ತಮ್ಮ ಮೇಲೆ ಕಣ್ಣಿದೆ ಎಂದುಕೊಂಡರೆ ಓದುವುದನ್ನೇ ಬದಲಿಸುತ್ತಾರೆ ಎಂಬುದೂ ಇದೇ ಸಾರ್ವಜನಿಕ ಅಂಕಿಗಳಿಂದ ಹೊರಬಂತು. ಕೆನಡಾದ ಸಂಶೋಧಕ ಜೊನಾಥನ್ ಪೆನ್ನಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಯೋತ್ಪಾದನೆಗೆ ಸಂಬಂಧಿಸಿದ 48 ಲೇಖನಗಳನ್ನು ನೋಡಿದರು. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡನ್ ಅಮೆರಿಕದ ಕಣ್ಗಾವಲನ್ನು ಬಯಲು ಮಾಡಿದ ಮೇಲೆ ಅವುಗಳ ವೀಕ್ಷಣೆ ಇಳಿದಿತ್ತು. ಅಂಕಿಯನ್ನೇ ಇಟ್ಟುಕೊಳ್ಳದಿದ್ದರೆ ಇದು ಎಂದೂ ತಿಳಿಯುತ್ತಿರಲಿಲ್ಲ.

ಯಾರಿಗೆ ತೋರಿಸುವುದು

ತೋರಿಸಬೇಕು ಎನ್ನುವವರ ವಾದ ಹಗುರವಲ್ಲ. ಸ್ವಯಂಸೇವಕರಿಗೆ ಸಂಬಳವಿಲ್ಲ, ಹೆಸರೂ ಮುಖಪುಟದಲ್ಲಿ ಬರುವುದಿಲ್ಲ. ನಾನು ಬರೆದದ್ದನ್ನು ಯಾರಾದರೂ ಓದಿದರೇ ಎಂದು ಕೇಳುವ ಹಕ್ಕು ಅವರಿಗಿದೆ. ಕನ್ನಡದಲ್ಲಿ ಬರೆದರೆ ಓದುವವರು ಯಾರಪ್ಪ ಎಂಬ ಮಾತನ್ನು ದಿನಾ ಕೇಳುವವರಿಗಂತೂ ಒಂದು ಅಂಕಿ ಉಸಿರು ಕೊಡುತ್ತದೆ. ಹಾಗೆಂದೇ ವಿಕಿಪೀಡಿಯ ಹೊಸ ಸಂಪಾದಕರಿಗೆ ಕೊಟ್ಟಿರುವ ವೈಯಕ್ತಿಕ ಮುಖಪುಟದಲ್ಲಿ, ನೀವು ತಿದ್ದಿದ ಲೇಖನಗಳನ್ನು ಇತ್ತೀಚೆಗೆ ಎಷ್ಟು ಬಾರಿ ನೋಡಿದರು ಎಂಬ ಒಂದು ಚೌಕವಿದೆ. ತಿದ್ದಿದವರ ಮುಖಪುಟದಲ್ಲಿ ಅವರ ಕಣ್ಣೆದುರಿಗೇ ಬರುತ್ತದೆ, ಲೇಖನ ಓದಲು ಬಂದವರ ಎದುರಿಗೆ ಬರುವುದಿಲ್ಲ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ವ್ಯವಸ್ಥೆ ಇದು.

ಓದುಗರಿಗೇಕೆ ಬೇಡ? ಜನ ತುಂಬಿದ ಹೋಟೆಲಿಗೆ ಕಣ್ಣುಮುಚ್ಚಿ ನುಗ್ಗುವ ನಮ್ಮ ಬುದ್ಧಿ ಎಲ್ಲ ಕಡೆ ಕೆಲಸ ಮಾಡುತ್ತದೆ. ವಿಶ್ವಕೋಶದಲ್ಲಿ ಲೇಖನದ ತೂಕ ಅದು ಕೊಡುವ ಆಧಾರಗಳಿಂದ ಬರಬೇಕು. ಅದರ ಪಕ್ಕ ಹತ್ತು ಲಕ್ಷ ವೀಕ್ಷಣೆ ಎಂದು ಬರೆದರೆ ಓದುಗ ಆಧಾರದ ಕಡೆ ನೋಡುವುದಿಲ್ಲ. ಇನ್ನು 11 ವೀಕ್ಷಣೆ ಎಂದಿದ್ದರೆ ಒಳ್ಳೆಯ ಲೇಖನವನ್ನೂ ಅರ್ಧಕ್ಕೆ ಬಿಡುತ್ತಾನೆ. ಇನ್‌ಸ್ಟಾಗ್ರಾಂ 2019ರಲ್ಲಿ ಲೈಕುಗಳ ಸಂಖ್ಯೆ ಮರೆಮಾಡುವ ಪ್ರಯೋಗ ಮಾಡಿ, 2021ರ ಮೇನಲ್ಲಿ ಅದನ್ನು ಬಳಕೆದಾರರ ಆಯ್ಕೆಗೆ ಬಿಟ್ಟುಬಿಟ್ಟಿತು. ಜನಪ್ರಿಯತೆಯೇ ಸರಕಾದ ಕಡೆ ಅಂಕಿಯನ್ನು ಪೂರ್ತಿ ತೆಗೆಯುವುದು ಕಷ್ಟ. ವಿಕಿಪೀಡಿಯಕ್ಕೆ ಆ ಕಟ್ಟುಪಾಡಿಲ್ಲ, ಅದು ಜಾಹೀರಾತು ಮಾರುವುದಿಲ್ಲ.

ವಿಕಿಪೀಡಿಯದ ವ್ಯವಸ್ಥೆಯ ಮೇಲೆ ನನ್ನ ತಕರಾರು ಬೇರೆಯದು. ಅಂಕಿ ಬಹಿರಂಗವಾಗಿದೆ ಎನ್ನುತ್ತಾರೆ, ಆದರೆ ಅದಿರುವ ಕೊಂಡಿ ಗೊತ್ತಿರುವವರು ಎಷ್ಟು? ಇಂಗ್ಲಿಷಿನಲ್ಲಿ ಅನೇಕ ಲೇಖನಗಳ ಚರ್ಚೆ ಪುಟದಲ್ಲಿ ವರ್ಷದ ಓದುಗರ ಗ್ರಾಫ್ ಇತ್ತು. 2023ರ ಏಪ್ರಿಲ್‌ನಲ್ಲಿ ಭದ್ರತೆಯ ಕಾರಣಕ್ಕೆ ಗ್ರಾಫ್ ವಿಸ್ತರಣೆಯನ್ನೇ ನಿಲ್ಲಿಸಿದಾಗ ಅದೂ ಕತ್ತಲಾಯಿತು. ಕನ್ನಡದಲ್ಲಿ ಸಂಪಾದಕರು ಕೂಡುವ ಅರಳಿ ಕಟ್ಟೆಯಲ್ಲಿ ತಿಂಗಳಿಗೊಮ್ಮೆ ಹೆಚ್ಚು ಓದಿದ ಲೇಖನಗಳ ಪಟ್ಟಿಯನ್ನು, ಏಕೆ ಓದಿರಬಹುದು ಎಂಬ ಒಂದೊಂದು ಸಾಲಿನ ಸಮೇತ ಹಾಕಿದರೆ ಚೆನ್ನ. ಜೊತೆಗೆ, ಹೆಚ್ಚು ಓದಿಸಿಕೊಂಡರೂ ಇನ್ನೂ ಚುಟುಕಾಗಿಯೇ ಉಳಿದಿರುವ ಲೇಖನಗಳ ಪಟ್ಟಿ. ಕೆಲಸ ಹಂಚಲು ಅದಕ್ಕಿಂತ ಒಳ್ಳೆಯ ಅಂಕಿ ಬೇರೆ ಇಲ್ಲ.

ಎಣಿಕೆ ಇನ್ನೂ ಕಷ್ಟವಾಗುತ್ತಿದೆ. ಕೃತಕ ಬುದ್ಧಿಮತ್ತೆಗೆ ಪಠ್ಯ ಕೂಡಿಹಾಕುವ ಬಾಟ್‌ಗಳು ಈಗ ಮನುಷ್ಯರಂತೆ ವೇಷ ಹಾಕಿ ಬರುತ್ತವೆ. 2025ರ ಮೇ ಹೊತ್ತಿಗೆ ಬ್ರೆಜಿಲ್ ಕಡೆಯಿಂದ ಓದುಗರು ದಿಢೀರನೆ ಏರಿದಂತೆ ಕಂಡಿತು. ಪತ್ತೆ ವಿಧಾನವನ್ನು ಬಿಗಿ ಮಾಡಿ ಹಿಂದಿನ ತಿಂಗಳುಗಳನ್ನು ಮತ್ತೆ ವಿಂಗಡಿಸಿದಾಗ ಅದರಲ್ಲಿ ಬಹಳಷ್ಟು ಬಾಟ್‌ಗಳದ್ದೆಂದು ತಿಳಿಯಿತು. ಮನುಷ್ಯರ ವೀಕ್ಷಣೆ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಸುಮಾರು ಶೇ 8ರಷ್ಟು ಕಡಿಮೆಯಾಗಿದೆ ಎಂದು ಫೌಂಡೇಶನ್ ಆ ವರ್ಷದ ಅಕ್ಟೋಬರಿನಲ್ಲಿ ಹೇಳಿತು. ಅಂಕಿ ಪಕ್ಕದ ಕಡತದಲ್ಲಿ ಇದ್ದದ್ದರಿಂದ ಹೀಗೆ ಹಿಂದೆ ಹೋಗಿ ತಿದ್ದಲು ಆಯಿತು. ಲೇಖನದಡಿಯಲ್ಲಿ ಏರುತ್ತಲೇ ಇರುವ ಒಂದು ಮೊತ್ತವನ್ನು, ನಿನ್ನೆಯವರೆಗೆ ಕಂಡ ಓದುಗರಲ್ಲಿ ಇಷ್ಟು ಮಂದಿ ಮನುಷ್ಯರೇ ಅಲ್ಲ ಎಂದು ಒಂದು ಬೆಳಿಗ್ಗೆ ಇಳಿಸುವುದು ಯಾವ ಸಮುದಾಯಕ್ಕೂ ಸುಲಭವಲ್ಲ. ಇಲಾಖೆಗಳ ಜಾಲತಾಣದಲ್ಲಿ ಅಂಥ ಅಂಕಿ ಇಳಿದದ್ದನ್ನು ನಾನಂತೂ ಕಂಡಿಲ್ಲ.